ಅರ್ಧ ಸೆಕೆಂಡಿನ ಅನುಮಾನ

ಸರ್ವರ್‌ಗೆ ಲಾಗಿನ್ ಆಗುವುದು ಅರ್ಧ ಸೆಕೆಂಡ್ ತಡವಾಯಿತು, ಅಷ್ಟೇ. ಅದರ ಬೆನ್ನುಹತ್ತಿದ ಎಂಜಿನಿಯರ್ ಒಬ್ಬರು ಜಗತ್ತಿನ ಲಿನಕ್ಸ್ ಸರ್ವರ್‌ಗಳಿಗೆ ಕನ್ನ ಕೊರೆಯುತ್ತಿದ್ದವರ ಎರಡೂವರೆ ವರ್ಷಗಳ ಸಂಚನ್ನು ಬಯಲಿಗೆಳೆದರು. ಅಳೆಯುವ ಸಾಧನ ಎಲ್ಲರ ಬಳಿಯೂ ಇತ್ತು. ಅಳೆದು ನೋಡಿದ್ದು ಒಬ್ಬರು!

2024ರ ಮಾರ್ಚ್ ತಿಂಗಳ ಕೊನೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಆಂಡ್ರೆಸ್ ಫ್ರಾಯ್ಂಡ್ ಲಿನಕ್ಸ್ ಯಂತ್ರವೊಂದನ್ನು ಸುಮ್ಮನಾಗಿಸಲು ಹೆಣಗುತ್ತಿದ್ದಾರೆ.

ಜರ್ಮನಿ ಮೂಲದ ಈ ಎಂಜಿನಿಯರ್ ಮೈಕ್ರೊಸಾಫ್ಟ್ ಉದ್ಯೋಗಿ. ಪೋಸ್ಟ್‌ಗ್ರೆಸ್ ಎಂಬ ಮುಕ್ತ ಡೇಟಾಬೇಸ್ ತಂತ್ರಾಂಶವನ್ನು ಕಟ್ಟುವವರಲ್ಲಿ ಒಬ್ಬರು. ಅದರ ವೇಗವನ್ನು ಅಳೆಯುವುದು ಅಂದಿನ ಕೆಲಸ. ಬಲು ನವಿರಾದ ಅಳತೆ ಅದು. ಯಂತ್ರದೊಳಗೆ ಬೇರೇನಾದರೂ ಓಡುತ್ತಿದ್ದರೆ ಲೆಕ್ಕವೆಲ್ಲ ಕಲಸಿಹೋಗುತ್ತದೆ. ಹಾಗಾಗಿ ಮೊದಲು ಗದ್ದಲ ಅಡಗಿಸಬೇಕು.

ಗದ್ದಲ ಅಡಗಲಿಲ್ಲ. ಎಸ್‌ಎಸ್‌ಎಚ್‌ಡಿ ಎಂಬ ಪ್ರೋಗ್ರಾಂ ಸಿಪಿಯು ತಿನ್ನುತ್ತಲೇ ಇತ್ತು.

ದೂರದಲ್ಲಿ ಕೂತವರನ್ನು ಗುರುತು ಕೇಳಿ ಸರ್ವರ್ ಒಳಗೆ ಬಿಡುವುದು ಈ ಎಸ್‌ಎಸ್‌ಎಚ್‌ಡಿಯ ಕೆಲಸ. ಅಂತರ್ಜಾಲಕ್ಕೆ ತೆರೆದುಕೊಂಡ ಯಾವ ಸರ್ವರ್‌ಗೂ ನೆಮ್ಮದಿಯಿಲ್ಲ. ಸಿಕ್ಕಸಿಕ್ಕ ಹೆಸರು ಹೇಳಿ ಒಳನುಗ್ಗಲು ನೋಡುವ ಬಾಟ್‌ಗಳು ಹಗಲೂ ರಾತ್ರಿ ಬಂದು ಬಾಗಿಲು ಬಡಿಯುತ್ತವೆ. ಅಂದೂ ಅದೇ ನಡೆದಿತ್ತು. ಆದರೆ ಹೆಸರೇ ತಪ್ಪಿದ್ದಾಗ ಎಸ್‌ಎಸ್‌ಎಚ್‌ಡಿ ತಕ್ಷಣ ಇಲ್ಲವೆಂದು ಹೇಳಿ ಕಳಿಸಬೇಕು. ಇಲ್ಲವೆನ್ನಲು ಇಷ್ಟೊಂದು ಸಿಪಿಯು ಏಕೆ?

ಫ್ರಾಯ್ಂಡ್ ಗಡಿಯಾರ ಹಿಡಿದರು. ಮೊದಲು 0.299 ಸೆಕೆಂಡಿಗೆ ಮುಗಿಯುತ್ತಿದ್ದ ಕೆಲಸ ಈಗ 0.807 ಸೆಕೆಂಡ್ ಹಿಡಿಯುತ್ತಿತ್ತು. ವ್ಯತ್ಯಾಸ ಅರ್ಧ ಸೆಕೆಂಡ್.

ಬೇರೆಯವರಾಗಿದ್ದರೆ ನೆಟ್‌ವರ್ಕ್ ನಿಧಾನವಿದೆ ಎಂದುಕೊಂಡು ಮುಂದೆ ಹೋಗುತ್ತಿದ್ದರು. ಫ್ರಾಯ್ಂಡ್ ಪರ್ಫ್ ಎಂಬ ಸಾಧನವನ್ನು ಓಡಿಸಿದರು. ಸಿಪಿಯುವಿನ ಸಮಯ ಯಾವ ಪ್ರೋಗ್ರಾಂನ ಯಾವ ಫಂಕ್ಷನ್‌ನಲ್ಲಿ ಖರ್ಚಾಗುತ್ತಿದೆ ಎಂದು ತೋರಿಸುವ ಈ ಸಾಧನ 2009ರಿಂದಲೂ ಲಿನಕ್ಸ್‌ನ ತಿರುಳಾದ ಕರ್ನಲ್ ಜೊತೆಗೇ ಇದೆ. ಅದು ಬೆರಳು ತೋರಿಸಿದ್ದು ಎಲ್‌ಝಡ್‌ಎಂಎ ಲೈಬ್ರರಿಯತ್ತ. ಅದು ಕಡತಗಳನ್ನು ಕುಗ್ಗಿಸಿಡುವ ಲೈಬ್ರರಿ. ಲಾಗಿನ್ ನಿರಾಕರಿಸುವಾಗ ಅದಕ್ಕೇನು ಕೆಲಸ? ಅದಕ್ಕಿಂತ ವಿಚಿತ್ರವೆಂದರೆ, ಅಲ್ಲಿ ಓಡುತ್ತಿದ್ದ ಕೋಡ್‌ಗೆ ಹೆಸರೇ ಇರಲಿಲ್ಲ.

ಆಗ ಹಳೆಯದೊಂದು ನೆನಪಾಯಿತು. ಕೆಲವು ವಾರಗಳ ಹಿಂದೆ ಪೋಸ್ಟ್‌ಗ್ರೆಸ್‌ನ ಸ್ವಯಂಚಾಲಿತ ಪರೀಕ್ಷೆಗಳಲ್ಲಿ ಮೆಮೊರಿ ದೋಷ ಹುಡುಕುವ ವಾಲ್‌ಗ್ರಿಂಡ್ ಎಂಬ ಸಾಧನ ಅರ್ಥವಾಗದ ದೂರೊಂದನ್ನು ಹೇಳಿತ್ತು. ಜರ್ಮನಿಯಲ್ಲಿರುವ ತಂದೆತಾಯಿಯನ್ನು ನೋಡಿಕೊಂಡು ವಿಮಾನದಲ್ಲಿ ಮರಳುವಾಗ ಆ ಲಾಗ್ ಓದಿದ್ದರು. ತುರ್ತೆನಿಸದೆ ಆಗ ಬದಿಗಿಟ್ಟಿದ್ದರು. ಈಗ ಎರಡೂ ಎಳೆ ಒಂದೇ ಕಡೆ ಸೇರಿದವು.

ಮಾರ್ಚ್ 29, ಗುಡ್ ಫ್ರೈಡೆ. ಫ್ರಾಯ್ಂಡ್ ತಾವು ಕಂಡದ್ದನ್ನೆಲ್ಲ ಭದ್ರತಾ ತಜ್ಞರ ಮುಂದೆ ಬಹಿರಂಗವಾಗಿ ಇಟ್ಟರು. ರಜೆಯಲ್ಲಿದ್ದ ಜಗತ್ತಿನ ಸರ್ವರ್ ಉಸ್ತುವಾರಿಗಳೆಲ್ಲ ಎದ್ದು ಕೂತರು.

ಕನ್ನ ಕೊರೆದವರು

ಎಕ್ಸ್‌ಝಡ್ ಒಂದು ಸಣ್ಣ ತಂತ್ರಾಂಶ. ಕಡತ ಕುಗ್ಗಿಸುವುದು, ಬಿಚ್ಚುವುದು, ಅಷ್ಟೇ ಅದರ ಕಾಯಕ. ಆದರೆ ಹೆಚ್ಚುಕಡಿಮೆ ಪ್ರತಿ ಲಿನಕ್ಸ್ ಯಂತ್ರದಲ್ಲೂ ಇದೆ. ಎಲ್‌ಝಡ್‌ಎಂಎ ಲೈಬ್ರರಿ ಅದರದ್ದೇ ಭಾಗ. ಇಷ್ಟು ವ್ಯಾಪಕವಾದ ತಂತ್ರಾಂಶವನ್ನು ವರ್ಷಗಳಿಂದ ನೋಡಿಕೊಂಡು ಬಂದವರು ಫಿನ್‌ಲೆಂಡಿನ ಲಾಸೆ ಕೊಲಿನ್. ಬಹುಪಾಲು ಒಬ್ಬರೇ. ಸಂಬಳವಿಲ್ಲದೆ.

2021ರಲ್ಲಿ ಜಿಯಾ ಟಾನ್ ಎಂಬ ಹೆಸರಿನ ವ್ಯಕ್ತಿ ನೆರವಿಗೆ ಬಂದ. ಸಣ್ಣಪುಟ್ಟ ತಿದ್ದುಪಡಿ ಕಳಿಸಿದ. ಎಲ್ಲವೂ ಉಪಯುಕ್ತ, ಎಲ್ಲವೂ ಸಭ್ಯ. 2022ರಲ್ಲಿ ಇನ್ನೂ ಕೆಲವರು ಕಾಣಿಸಿಕೊಂಡು, ಕೆಲಸ ನಿಧಾನವಾಗುತ್ತಿದೆ, ಹೊಸಬರಿಗೆ ಹೊಣೆ ಕೊಡಿ ಎಂದು ಕೊಲಿನ್ ಅವರನ್ನು ಒತ್ತಾಯಿಸತೊಡಗಿದರು. ತಮ್ಮ ಮಾನಸಿಕ ಆರೋಗ್ಯ ಸರಿಯಿಲ್ಲ, ಇದು ಸಂಬಳವಿಲ್ಲದ ಹವ್ಯಾಸದ ಕೆಲಸ ಎಂದು ಕೊಲಿನ್ ಬರೆದುಕೊಂಡರು. ಒತ್ತಡ ನಿಲ್ಲಲಿಲ್ಲ. ಕ್ರಮೇಣ ಜಿಯಾ ಟಾನ್ ಕೈಗೆ ಅಧಿಕಾರ ಬಂತು.

2024ರ ಫೆಬ್ರುವರಿಯಲ್ಲಿ 5.6.0, ಮಾರ್ಚ್‌ನಲ್ಲಿ 5.6.1 ಆವೃತ್ತಿ ಹೊರಬಂದವು. ಪರೀಕ್ಷೆಗೆಂದು ಇಟ್ಟ, ನೋಡಲು ಕೆಟ್ಟುಹೋದಂತೆ ಕಾಣುವ ಕಡತಗಳೊಳಗೆ ಹಿಂಬಾಗಿಲಿನ ಕೋಡ್ ಅಡಗಿತ್ತು. ಅದನ್ನು ಹೊರತೆಗೆದು ಜೋಡಿಸುವ ಸಾಲುಗಳು ಎಲ್ಲರೂ ಓದುವ ಮೂಲ ಕೋಡ್‌ನಲ್ಲಿ ಇರಲಿಲ್ಲ. ಬಿಡುಗಡೆಗೆಂದು ಕಟ್ಟಿಕೊಟ್ಟ ಗಂಟಿನಲ್ಲಷ್ಟೇ ಇದ್ದವು.

ಎಸ್‌ಎಸ್‌ಎಚ್‌ಡಿಗೂ ಎಕ್ಸ್‌ಝಡ್‌ಗೂ ನೇರ ನಂಟಿಲ್ಲ. ಡೆಬಿಯನ್, ಫೆಡೋರಾ ಮೊದಲಾದ ಲಿನಕ್ಸ್‌ಗಳು ಎಸ್‌ಎಸ್‌ಎಚ್‌ಡಿಗೆ ಸಿಸ್ಟಂಡಿ ಎಂಬ ವ್ಯವಸ್ಥೆಯ ಲೈಬ್ರರಿಯನ್ನು ಜೋಡಿಸಿದ್ದವು. ಅದು ಬರುವಾಗ ಎಕ್ಸ್‌ಝಡ್‌ನ ಲೈಬ್ರರಿಯನ್ನೂ ಕರೆದುಕೊಂಡು ಬರುತ್ತಿತ್ತು. ಈ ಸುತ್ತುಬಳಸಿನ ದಾರಿಯನ್ನೇ ಸಂಚುಕೋರರು ಹಿಡಿದರು. ತಮ್ಮಲ್ಲಿರುವ ಗುಪ್ತ ಕೀಲಿ ತೋರಿಸಿದವರಿಗೆ ಪಾಸ್‌ವರ್ಡ್ ಇಲ್ಲದೆಯೇ ಆ ಸರ್ವರ್‌ನಲ್ಲಿ ಬೇಕಾದ ಆದೇಶ ಓಡಿಸುವ ಅಧಿಕಾರ ಸಿಗುವಂತೆ ಮಾಡಿದ್ದರು.

ಒಂದೇ ಒಂದು ಕಡೆ ಅವರ ಲೆಕ್ಕ ತಪ್ಪಿತು. ಪ್ರತಿ ಲಾಗಿನ್‌ಗೂ ಎಸ್‌ಎಸ್‌ಎಚ್‌ಡಿ ಹೊಸದಾಗಿ ಶುರುವಾಗುವಾಗ, ಹಿಂಬಾಗಿಲಿನ ಕೋಡ್ ತಾನು ತಗುಲಿಕೊಳ್ಳಬೇಕಾದ ಜಾಗವನ್ನು ಮೆಮೊರಿಯಲ್ಲಿ ಹುಡುಕಬೇಕಿತ್ತು. ಹುಡುಕಾಟಕ್ಕೆ ಸಮಯ ಬೇಕು. ಆ ಸಮಯವೇ ಅರ್ಧ ಸೆಕೆಂಡ್.

ಈ ದೋಷಕ್ಕೆ ಸಿವಿಇ-2024-3094 ಎಂಬ ಸಂಖ್ಯೆಯೂ ತೀವ್ರತೆಯಲ್ಲಿ ಹತ್ತಕ್ಕೆ ಹತ್ತು ಅಂಕವೂ ಸಿಕ್ಕಿದವು. ಪರೀಕ್ಷಾ ಹಂತದ ಡೆಬಿಯನ್, ಫೆಡೋರಾ ಹಾಗೂ ಓಪನ್‌ಸೂಸೆಯ ಟಂಬಲ್‌ವೀಡ್‌ಗೆ ಅದು ಆಗಲೇ ಹೊಕ್ಕಿತ್ತು. ಏಪ್ರಿಲ್ 25ಕ್ಕೆ ಉಬುಂಟು 24.04 ಬರಲಿತ್ತು. ವರ್ಷಗಟ್ಟಲೆ ಅಸಂಖ್ಯ ಸರ್ವರ್‌ಗಳಲ್ಲಿ ಓಡುವ ಆವೃತ್ತಿ ಅದು. ಅದರಲ್ಲೂ ಹೊಸ ಎಕ್ಸ್‌ಝಡ್ ಸೇರಿಸಿ ಎಂಬ ಒತ್ತಾಯ ನಡೆದಿತ್ತು. ಇನ್ನೊಂದು ತಿಂಗಳು ಕಳೆದಿದ್ದರೆ ಕಥೆಯೇ ಬೇರೆಯಾಗುತ್ತಿತ್ತು.

ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದಿದ ಸತ್ಯ ನಾದೆಳ್ಳ ಈಗ ಫ್ರಾಯ್ಂಡ್ ಕೆಲಸ ಮಾಡುವ ಕಂಪನಿಯ ಮುಖ್ಯಸ್ಥರು. ಅವರೂ ಈ ಎಂಜಿನಿಯರ್‌ನ ಕುತೂಹಲ ಮತ್ತು ಕಸುಬುದಾರಿಕೆಯನ್ನು ಬಹಿರಂಗವಾಗಿ ಕೊಂಡಾಡಿದರು. ಜಿಯಾ ಟಾನ್ ಅಷ್ಟರಲ್ಲಿ ಕಾಣೆಯಾಗಿದ್ದ.

---

ಪಿಂಗ್ ಎನ್ನುತ್ತಿದ್ದ ಯಂತ್ರ

ಆಚೆ ಕಡೆಯ ಯಂತ್ರ ಬದುಕಿದೆಯೇ, ಉತ್ತರ ಬರಲು ಎಷ್ಟು ಹೊತ್ತು ಎಂದು ತಿಳಿಯಲು ಇಂದಿಗೂ ಮೊದಲು ಬಳಸುವುದು ಪಿಂಗ್. 1983ರ ಡಿಸೆಂಬರ್‌ನಲ್ಲಿ ಅಮೆರಿಕ ಸೇನೆಯ ಪ್ರಯೋಗಾಲಯದಲ್ಲಿದ್ದ ಮೈಕ್ ಮೂಸ್ ಅದನ್ನು ಬರೆದರು. ಅವರು ಮೆಚ್ಚಿ ಹೇಳುತ್ತಿದ್ದ ಪ್ರಸಂಗವೊಂದಿದೆ. ನೆಟ್‌ವರ್ಕ್ ಆಗಾಗ ಕೈಕೊಡುತ್ತಿದ್ದ ಕಡೆ ಒಬ್ಬ ಉಸ್ತುವಾರಿ ಪಿಂಗ್ ಅನ್ನು ಧ್ವನಿವರ್ಧಕಕ್ಕೆ ಜೋಡಿಸಿದ. ಪ್ರತಿ ಉತ್ತರಕ್ಕೂ ಯಂತ್ರ ‘ಪಿಂಗ್’ ಎನ್ನುತ್ತಿತ್ತು. ಧ್ವನಿ ಜೋರು ಮಾಡಿ ಕಟ್ಟಡವೆಲ್ಲ ಸುತ್ತುತ್ತ ಒಂದೊಂದೇ ಕೇಬಲ್ ಅಲುಗಿಸಿದ. ಎಲ್ಲಿ ಸದ್ದು ನಿಂತಿತೋ ಅಲ್ಲೇ ತಂತಿ ಸಡಿಲವಾಗಿತ್ತು.

---

ಬರ್ಕ್ಲಿಯ ಒಂದು ವರ್ಷ, ಎರಡು ಪತ್ತೇದಾರಿಕೆ

ಸಣ್ಣ ವ್ಯತ್ಯಾಸದ ಬೆನ್ನುಹತ್ತುವ ಈ ಚಾಳಿ ಫ್ರಾಯ್ಂಡ್ ಅವರಿಂದ ಶುರುವಾದದ್ದಲ್ಲ. ಇನ್ನೂ ಲಿನಕ್ಸ್ ಹುಟ್ಟಿರದಿದ್ದ 1986ಕ್ಕೆ ಹೋಗೋಣ. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ.

ಖಗೋಳಶಾಸ್ತ್ರ ಓದಿದ್ದ ಕ್ಲಿಫರ್ಡ್ ಸ್ಟೋಲ್ ಅಲ್ಲಿನ ಕಂಪ್ಯೂಟರ್ ವಿಭಾಗಕ್ಕೆ ಹೊಸದಾಗಿ ಬಂದಿದ್ದರು. ಆಗ ಕಂಪ್ಯೂಟರ್ ಬಳಸಿದ ಸಮಯಕ್ಕೆ ಬಿಲ್ ಹಾಕುತ್ತಿದ್ದರು. ಆ ತಿಂಗಳ ಲೆಕ್ಕದಲ್ಲಿ 75 ಸೆಂಟ್ ತಾಳೆಯಾಗಲಿಲ್ಲ. ಯಾರೋ ಕೆಲವು ಸೆಕೆಂಡ್ ಸಿಪಿಯು ಬಳಸಿ ದುಡ್ಡು ಕೊಟ್ಟಿರಲಿಲ್ಲ.

ಸ್ಟೋಲ್ ಆ 75 ಸೆಂಟನ್ನು ಬಿಡಲಿಲ್ಲ. ಒಳಬರುವ ಫೋನ್ ಲೈನುಗಳಿಗೆಲ್ಲ ಸಿಕ್ಕಸಿಕ್ಕಲ್ಲಿಂದ ತಂದ ಪ್ರಿಂಟರ್‌ಗಳನ್ನು ಜೋಡಿಸಿದರು. ಕಳ್ಳ ಒತ್ತಿದ ಪ್ರತಿ ಅಕ್ಷರವೂ ಕಾಗದದ ಮೇಲೆ ಬಂತು. ಅವನಿಗೆ ತಿಳಿಯದ ಹಾಗೆ, ಅವನು ಮುಟ್ಟಲಾಗದ ಕಡೆ. ಅವನ ಯಂತ್ರದಿಂದ ಉತ್ತರ ಮರಳಲು ಹಿಡಿಯುವ ಸಮಯ ಅಳೆದು, ಈತ ನೆರೆಯೂರಿನವನಲ್ಲ, ಬಹುದೂರದವನು ಎಂದು ಊಹಿಸಿದರು. ಜಾಡು ಜರ್ಮನಿಯ ಹ್ಯಾನೋವರ್ ಮುಟ್ಟಿತು. ಸಿಕ್ಕಿಬಿದ್ದವನು ಮಾರ್ಕುಸ್ ಹೆಸ್. ಅವನ ಗುಂಪು ಅಮೆರಿಕದ ಕಂಪ್ಯೂಟರ್‌ಗಳಿಂದ ಕದ್ದ ಮಾಹಿತಿಯನ್ನು ಸೋವಿಯತ್ ಗೂಢಚಾರ ಸಂಸ್ಥೆ ಕೆಜಿಬಿಗೆ ಮಾರುತ್ತಿತ್ತು. ಸ್ಟೋಲ್ 1989ರಲ್ಲಿ ಇದನ್ನೆಲ್ಲ ‘ದಿ ಕುಕೂಸ್ ಎಗ್’ ಪುಸ್ತಕದಲ್ಲಿ ಬರೆದರು.

ಅದೇ ಪ್ರಯೋಗಾಲಯ, ಅದೇ ವರ್ಷದ ಅಕ್ಟೋಬರ್. ಅಲ್ಲಿಂದ ಬರ್ಕ್ಲಿ ವಿಶ್ವವಿದ್ಯಾಲಯಕ್ಕೆ 400 ಗಜ ದೂರ. ಆ ಎರಡರ ನಡುವೆ ಸೆಕೆಂಡಿಗೆ 32 ಸಾವಿರ ಬಿಟ್ ಹರಿಯುತ್ತಿದ್ದ ನೆಟ್‌ವರ್ಕ್ ಇದ್ದಕ್ಕಿದ್ದಂತೆ ಸೆಕೆಂಡಿಗೆ 40 ಬಿಟ್‌ಗೆ ಕುಸಿಯಿತು. ಎಂಟುನೂರಕ್ಕೆ ಒಂದು ಪಾಲಷ್ಟೇ ಉಳಿದಿತ್ತು. ತಂತಿ ಹರಿದಿರಲಿಲ್ಲ, ಯಂತ್ರ ಕೆಟ್ಟಿರಲಿಲ್ಲ.

ಪ್ರಯೋಗಾಲಯದ ವ್ಯಾನ್ ಜೇಕಬ್ಸನ್ ಪ್ಯಾಕೆಟ್‌ಗಳ, ಅಂದರೆ ನೆಟ್‌ವರ್ಕ್‌ನಲ್ಲಿ ಸಾಗುವ ಮಾಹಿತಿಯ ತುಣುಕುಗಳ ಚಲನೆಯನ್ನೇ ಹಿಡಿದು ನೋಡಿದರು. ದಾರಿ ತುಂಬಿ ಪ್ಯಾಕೆಟ್ ಕಳೆದುಹೋದಾಗ ಎಲ್ಲ ಯಂತ್ರಗಳೂ ಅದನ್ನು ಮತ್ತೆ ಮತ್ತೆ ಕಳಿಸುತ್ತಿದ್ದವು. ಕಳಿಸಿದಷ್ಟೂ ದಾರಿ ಇನ್ನಷ್ಟು ಕಟ್ಟುತ್ತಿತ್ತು. ನಿಧಾನವಾಗಿ ಶುರುಮಾಡು, ಪ್ಯಾಕೆಟ್ ಕಳೆದರೆ ವೇಗ ತಗ್ಗಿಸು ಎಂಬ ಅವರ ಸೂತ್ರ 1988ರಲ್ಲಿ ಪ್ರಕಟವಾಯಿತು. ಇಂದು ನೀವು ಫೋನಿನಲ್ಲಿ ವಿಡಿಯೊ ನೋಡುವಾಗಲೂ ಆ ತತ್ವದ ಮಕ್ಕಳು ಮೊಮ್ಮಕ್ಕಳೇ ದುಡಿಯುತ್ತಿರುತ್ತಾರೆ.

ಪ್ಯಾಕೆಟ್‌ಗಳನ್ನು ಕಣ್ಣಾರೆ ನೋಡುವ ಜೇಕಬ್ಸನ್ ತಂಡದ ಹಂಬಲದಿಂದಲೇ ಟಿಸಿಪಿಡಂಪ್ ಎಂಬ ಸಾಧನ ಹುಟ್ಟಿತು. ಬೇಕಾದ ಪ್ಯಾಕೆಟ್‌ಗಳನ್ನಷ್ಟೇ ಕರ್ನಲ್‌ನಲ್ಲೇ ಸೋಸಿಕೊಡುವ ಬಿಪಿಎಫ್ ತಂತ್ರವನ್ನು ಜೇಕಬ್ಸನ್ ಮತ್ತು ಸ್ಟೀವನ್ ಮೆಕ್‌ಕೇನ್ ರೂಪಿಸಿದರು. ಅದೇ 2014ರಲ್ಲಿ ಅಲೆಕ್ಸೈ ಸ್ಟಾರೊವೊಯಿಟೊವ್ ಅವರ ಕೈಯಲ್ಲಿ ಇಬಿಪಿಎಫ್ ಆಗಿ ಬೆಳೆದು ಲಿನಕ್ಸ್ ಒಳಗೆ ಸೇರಿತು. ಓಡುತ್ತಿರುವ ಕರ್ನಲ್ ಒಳಗೆ ಏನು ನಡೆದಿದೆ ಎಂದು ಅದನ್ನು ನಿಲ್ಲಿಸದೆಯೇ ಇಣುಕಲು ಈಗ ಸಾಧ್ಯ.

ಅಂಕಿಗಳು ಹೇಳುವುದು, ಹೇಳದಿರುವುದು

ಇಂದು ಲಿನಕ್ಸ್ ಇಲ್ಲದ ಕಡೆಯಿಲ್ಲ. 2017ರ ನವೆಂಬರ್‌ನಿಂದ ಜಗತ್ತಿನ ಅತಿವೇಗದ 500 ಸೂಪರ್ ಕಂಪ್ಯೂಟರ್‌ಗಳೂ ಅದರ ಮೇಲೇ ಓಡುತ್ತಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 3.3 ಪೆಟಾಫ್ಲಾಪ್ಸ್ ಸಾಮರ್ಥ್ಯದ ‘ಪರಮ್ ಪ್ರವೇಗ’ಕ್ಕೂ ಲಿನಕ್ಸೇ ಆಧಾರ. ಆ ದೈತ್ಯಕ್ಕೂ ನಿಮ್ಮ ಕಾಲೇಜಿನ ಮೂಲೆಯ ಹಳೆಯ ಸರ್ವರ್‌ಗೂ ಒಂದು ಹೋಲಿಕೆಯಿದೆ. ಎರಡೂ ತಮ್ಮ ಸ್ಥಿತಿಯನ್ನು ‘ಪ್ರಾಕ್’ ಎಂಬ ಡೈರೆಕ್ಟರಿಯಲ್ಲಿ ತೆರೆದಿಡುತ್ತವೆ. ಅಲ್ಲಿರುವುದು ಡಿಸ್ಕ್ ಮೇಲಿನ ಕಡತಗಳಲ್ಲ. ಕೇಳಿದ ಗಳಿಗೆಯಲ್ಲಿ ಕರ್ನಲ್ ಕೊಡುವ ಉತ್ತರ. ಟಾಪ್, ಫ್ರೀ, ವಿಎಂಸ್ಟ್ಯಾಟ್‌ನಂಥ ಸಾಧನಗಳೆಲ್ಲ ಅಲ್ಲಿಂದಲೇ ಓದುತ್ತವೆ. ಒಂದು ರೂಪಾಯಿಯೂ ಖರ್ಚಿಲ್ಲ.

ಓದುವುದು ಸುಲಭ, ಅರ್ಥ ಮಾಡಿಕೊಳ್ಳುವುದಕ್ಕೆ ತಿಳಿವಳಿಕೆ ಬೇಕು. ಟಾಪ್ ತೆರೆದರೆ ಮೇಲ್ಸಾಲಿನಲ್ಲೇ ‘ಲೋಡ್ ಆವರೇಜ್’ ಎಂಬ ಮೂರು ಅಂಕಿ. ಒಂದು, ಐದು, ಹದಿನೈದು ನಿಮಿಷಗಳ ಸರಾಸರಿ. ಮೊದಲನೆಯದು ಮೂರನೆಯದಕ್ಕಿಂತ ದೊಡ್ಡದಿದ್ದರೆ ಹೊರೆ ಏರುತ್ತಿದೆ. ಚಿಕ್ಕದಿದ್ದರೆ ಇಳಿಯುತ್ತಿದೆ.

ಆದರೆ ಇದು ಬರೀ ಸಿಪಿಯು ಹೊರೆಯಲ್ಲ. 1993ರಲ್ಲಿ ಮಥಿಯಾಸ್ ಉರ್ಲಿಕ್ಸ್ ಎಂಬವರು ಕಳಿಸಿದ ತಿದ್ದುಪಡಿಯಿಂದಾಗಿ, ಡಿಸ್ಕ್‌ನ ಉತ್ತರಕ್ಕೆ ಕಾದು ಕೂತ ಪ್ರೊಸೆಸ್‌ಗಳೂ ಲಿನಕ್ಸ್‌ನ ಈ ಲೆಕ್ಕಕ್ಕೆ ಸೇರುತ್ತವೆ. ಬೇರೆ ಯುನಿಕ್ಸ್‌ಗಳಲ್ಲಿ ಹೀಗಿರಲಿಲ್ಲ. ಕಾರಣ ತಿಳಿಯದೆ ಎಷ್ಟೋ ಮಂದಿ ಗೊಂದಲಪಟ್ಟಿದ್ದರು. 2017ರಲ್ಲಿ ಬ್ರೆಂಡನ್ ಗ್ರೆಗ್ ಎಂಬ ತಜ್ಞ ಹಳೆಯ ಇಮೇಲ್‌ಗಳನ್ನೆಲ್ಲ ಜಾಲಾಡಿ ಆ ಮೂಲ ತಿದ್ದುಪಡಿಯನ್ನು ಪತ್ತೆಮಾಡಿದರು. ಹಾಗಾಗಿ ನಾಲ್ಕು ಕೋರ್‌ಗಳ ಯಂತ್ರದಲ್ಲಿ ಲೋಡ್ 30 ಇದ್ದು, ಸಿಪಿಯು ಮುಕ್ಕಾಲು ಭಾಗ ಖಾಲಿ ಕೂತಿದ್ದರೆ ಹೊಸ ಸಿಪಿಯು ಕೊಳ್ಳಲು ಓಡಬಾರದು. ನೋಡಬೇಕಾದದ್ದು ಡಿಸ್ಕ್ ಕಡೆಗೆ.

ಮೆಮೊರಿಯ ವಿಷಯದಲ್ಲೂ ಹೀಗೇ. ಫ್ರೀ ಎಂಬ ಆದೇಶ ಕೊಟ್ಟರೆ ಉಳಿದಿರುವ ಮೆಮೊರಿ ಅತ್ಯಲ್ಪವೆಂದು ಕಂಡು ಹೊಸಬರು ಗಾಬರಿಯಾಗುತ್ತಾರೆ. ಖಾಲಿ ಬಿದ್ದ ಮೆಮೊರಿ ದಂಡ ಎಂಬುದು ಲಿನಕ್ಸ್‌ನ ನೀತಿ. ಒಮ್ಮೆ ಓದಿದ ಕಡತಗಳನ್ನು ಅದರಲ್ಲಿ ಇಟ್ಟುಕೊಂಡಿರುತ್ತದೆ. ಪ್ರೋಗ್ರಾಂಗಳು ಕೇಳಿದಾಗ ಬಿಟ್ಟುಕೊಡುತ್ತದೆ. ನೋಡಬೇಕಾದದ್ದು ‘ಅವೈಲಬಲ್’ ಎಂಬ ಅಂಕಣ. 2014ರಲ್ಲಿ ಬಂದ 3.14ನೇ ಕರ್ನಲ್‌ನಿಂದ ಈ ಲೆಕ್ಕವನ್ನು ಕರ್ನಲ್ಲೇ ಮಾಡಿಕೊಡುತ್ತದೆ. ಅದು ಕುಸಿಯುತ್ತಿದ್ದು, ಡಿಸ್ಕ್ ಮೇಲಿನ ಸ್ವಾಪ್ ಜಾಗಕ್ಕೆ ಓಡಾಟ ನಿಲ್ಲದೆ ನಡೆದಿದ್ದರೆ ಆಗ ಚಿಂತಿಸಬೇಕು.

ನೆಟ್‌ವರ್ಕ್ ಕಡೆ ಹಳೆಯ ನೆಟ್‌ಸ್ಟ್ಯಾಟ್‌ನ ಜಾಗಕ್ಕೆ ಎಸ್‌ಎಸ್ ಬಂದಿದೆ. ಯಾವ ಪ್ರೋಗ್ರಾಂ ಯಾವ ಪೋರ್ಟ್‌ನಲ್ಲಿ ಕಿವಿಗೊಟ್ಟು ಕೂತಿದೆ, ಯಾರ ಜೊತೆ ಮಾತಾಡುತ್ತಿದೆ, ಕಳಿಸಬೇಕಾದ ಎಷ್ಟು ಮಾಹಿತಿ ಸಾಲಿನಲ್ಲಿ ನಿಂತಿದೆ, ಎಲ್ಲವನ್ನೂ ಅದು ಹೇಳುತ್ತದೆ. ಮತ್ತೆ ಕಳಿಸಬೇಕಾಗಿ ಬಂದ ಪ್ಯಾಕೆಟ್‌ಗಳ ಸಂಖ್ಯೆ ಏರುತ್ತಿದ್ದರೆ ದಾರಿಯಲ್ಲೆಲ್ಲೋ ತೊಂದರೆ. ಹೆಸರು ಗೊತ್ತಿಲ್ಲದ ಪ್ರೊಸೆಸ್ ಒಂದು ಸಿಪಿಯು ಪೂರ್ತಿ ಹಿಡಿದುಕೊಂಡು ಹೊರಗಿನ ಅಪರಿಚಿತ ವಿಳಾಸದ ಜೊತೆ ಸದಾ ಸಂಪರ್ಕದಲ್ಲಿದ್ದರೆ, ನಿಮ್ಮ ವಿದ್ಯುತ್ತಿನಲ್ಲಿ ಯಾರೋ ಕ್ರಿಪ್ಟೊ ನಾಣ್ಯ ಗಣಿಗಾರಿಕೆ ನಡೆಸಿರಬಹುದು. ಸರ್ವರ್ ಕನ್ನದ ತೀರಾ ಸಾಮಾನ್ಯ ಗುರುತು ಇದು.

---

60 ಸೆಕೆಂಡಿನ ತಪಾಸಣೆ

ಸರ್ವರ್ ನಿಧಾನವಾಗಿದೆ ಎಂಬ ದೂರು ಬಂದಾಗ ಮೊದಲ ಒಂದು ನಿಮಿಷ ಏನು ನೋಡಬೇಕು? ಬ್ರೆಂಡನ್ ಗ್ರೆಗ್ ನೆಟ್‌ಫ್ಲಿಕ್ಸ್‌ನಲ್ಲಿದ್ದಾಗ 2015ರಲ್ಲಿ ಪ್ರಕಟವಾದ ಹತ್ತು ಆದೇಶಗಳ ಪಟ್ಟಿ ಇಂದಿಗೂ ಎಂಜಿನಿಯರ್‌ಗಳ ಕೈಪಿಡಿ. ಅದರ ಸಾರ:

• ಅಪ್‌ಟೈಮ್: ಹೊರೆ ಏರುತ್ತಿದೆಯೋ ಇಳಿಯುತ್ತಿದೆಯೋ
• ಡಿಮೆಸೇಜ್: ಕರ್ನಲ್ ಇತ್ತೀಚೆಗೆ ದಾಖಲಿಸಿದ ದೋಷಗಳು
• ವಿಎಂಸ್ಟ್ಯಾಟ್: ಸಿಪಿಯುಗೆ ಕಾದು ನಿಂತವು ಎಷ್ಟು, ಸ್ವಾಪ್ ಓಡಾಟ ಇದೆಯೇ
• ಎಂಪಿಸ್ಟ್ಯಾಟ್: ಒಂದೇ ಕೋರ್ ಮೇಲೆ ಹೊರೆ ಬಿದ್ದಿದೆಯೇ
• ಪಿಐಡಿಸ್ಟ್ಯಾಟ್: ಯಾವ ಪ್ರೊಸೆಸ್ ಎಷ್ಟು ಸಿಪಿಯು ಬಳಸುತ್ತಿದೆ
• ಐಒಸ್ಟ್ಯಾಟ್: ಡಿಸ್ಕ್ ಎಷ್ಟು ಹೊತ್ತು ಕಾಯಿಸುತ್ತಿದೆ
• ಫ್ರೀ: ಮೆಮೊರಿ ನಿಜವಾಗಿ ಎಷ್ಟು ಉಳಿದಿದೆ
• ಸಾರ್ (ಎರಡು ಬಾರಿ): ನೆಟ್‌ವರ್ಕ್ ಕಾರ್ಡ್ ಮೇಲಿನ ಹೊರೆ, ಟಿಸಿಪಿ ಸಂಪರ್ಕ, ಮತ್ತೆ ಕಳಿಸಿದ ಪ್ಯಾಕೆಟ್‌ಗಳ ಲೆಕ್ಕ
• ಟಾಪ್: ಕೊನೆಗೊಮ್ಮೆ ಇಡೀ ಚಿತ್ರ

---

ಸರಾಸರಿಯ ಮರೆಯಲ್ಲಿ

ಹಾಗಾದರೆ ಈ ಆದೇಶಗಳನ್ನು ಬಾಯಿಪಾಠ ಮಾಡಿದರೆ ಸಾಕೇ? ಸಾಲದು. ಹಿಂಬಾಗಿಲು ಪತ್ತೆಯಾಗಲು ಹಲವು ಕಾಕತಾಳೀಯಗಳು ಕೂಡಿಬರಬೇಕಾಯಿತು ಎಂದು ಫ್ರಾಯ್ಂಡ್ ಅವರೇ ಹೇಳಿದ್ದಾರೆ. ನಿಜ. ಆದರೆ 0.8 ಸೆಕೆಂಡ್ ತಪ್ಪು ಎಂದು ಅವರಿಗೆ ಅನಿಸಿದ್ದು ಕಾಕತಾಳೀಯವಲ್ಲ. 0.3 ಸೆಕೆಂಡ್ ಅದರ ಮಾಮೂಲು ಎಂಬುದು ಗೊತ್ತಿದ್ದರಿಂದ. 0.8 ಎಂಬ ಅಂಕಿಗೆ ತಾನಾಗಿ ಯಾವ ಅರ್ಥವೂ ಇಲ್ಲ. ಜಗತ್ತಿನಲ್ಲಿ ಅದಕ್ಕಿಂತ ನಿಧಾನವಾದ, ಏನೂ ದೋಷವಿಲ್ಲದ ಸರ್ವರ್‌ಗಳು ಬೇಕಾದಷ್ಟಿವೆ.

ಮನೆಯ ಜಗಲಿಯಲ್ಲಿ ಕೂತ ರೈತ ತೋಟದ ಪಂಪ್‌ಸೆಟ್ ಸದ್ದು ಕೇಳಿಯೇ ಬಾವಿಯ ನೀರು ತಳ ಕಂಡಿದೆ ಎಂದು ಹೇಳಬಲ್ಲ. ನೀರಿದ್ದಾಗಿನ ಸದ್ದನ್ನು ದಿನವೂ ಕೇಳಿದವನಿಗೆ ಮಾತ್ರ ಆ ಜಾಣ್ಮೆ. ಸರ್ವರ್ ನೋಡಿಕೊಳ್ಳುವವರಿಗೂ ಬೇಕಾದದ್ದು ಅದೇ. ಯಂತ್ರ ಚೆನ್ನಾಗಿರುವಾಗಿನ ಅಂಕಿಗಳು ಕೈಯಲ್ಲಿರಬೇಕು. ಕೆಟ್ಟ ಮೇಲೆ ಅಳೆಯಲು ಹೊರಟವರಿಗೆ ಹೋಲಿಸಿ ನೋಡಲು ಏನೂ ಇರುವುದಿಲ್ಲ.

ಮಾಮೂಲು ಎನ್ನುವುದೂ ಒಂದೇ ಅಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಲಕ್ಷಾಂತರ ಮಕ್ಕಳು, ಅವರ ಅಪ್ಪ ಅಮ್ಮ, ಮೇಷ್ಟ್ರು, ನೆಂಟರು ಒಂದೇ ಗಳಿಗೆಯಲ್ಲಿ ಒಂದೇ ತಾಣದ ಮೇಲೆ ಮುಗಿಬೀಳುತ್ತಾರೆ. ಅಂದಿನ ಸಂಪರ್ಕಗಳ ಸಂಖ್ಯೆ ಬೇರೆ ದಿನ ಕಂಡಿದ್ದರೆ ದಾಳಿಯೇ ನಡೆದಿದೆ ಎನ್ನಬೇಕು. ಸಹಕಾರ ಬ್ಯಾಂಕಿನ ಸರ್ವರ್‌ಗೆ ಮಾರ್ಚ್ 31 ಒಂದು ಬಗೆ, ಏಪ್ರಿಲ್ ನಡುವಿನ ಭಾನುವಾರ ಇನ್ನೊಂದು ಬಗೆ. ಹಗಲಿನ ಹೊರೆ, ನಡುರಾತ್ರಿ ಬ್ಯಾಕಪ್ ಓಡುವಾಗಿನ ಹೊರೆ, ಹಬ್ಬದ ಹಿಂದಿನ ದಿನದ ಹೊರೆ, ಇವನ್ನೆಲ್ಲ ಬೇರೆಬೇರೆಯಾಗಿ ತಿಳಿದಿರಬೇಕು.

ಸರಾಸರಿಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ನೂರು ಜನ ಒಂದು ಪುಟ ತೆರೆದರು ಎನ್ನಿ. 99 ಮಂದಿಗೆ 0.1 ಸೆಕೆಂಡಿನಲ್ಲಿ ತೆರೆಯಿತು. ಒಬ್ಬರಿಗೆ 10 ಸೆಕೆಂಡ್ ಹಿಡಿಯಿತು. ಸರಾಸರಿ 0.2 ಸೆಕೆಂಡ್ ಕೂಡ ದಾಟುವುದಿಲ್ಲ. ಗ್ರಾಫ್ ನೋಡಿದವರಿಗೆ ಎಲ್ಲವೂ ಸೊಗಸು. ಹತ್ತು ಸೆಕೆಂಡ್ ಕಾದವರ ಪರದಾಟ ಅದರಲ್ಲಿ ಎಲ್ಲೂ ಇಲ್ಲ. ಅದಕ್ಕೇ ಅನುಭವಿಗಳು ಸರಾಸರಿಯ ಜೊತೆಗೆ ಅತಿ ನಿಧಾನವಾದ ಶೇ 1ರಷ್ಟು ಕೋರಿಕೆಗಳ ಲೆಕ್ಕವನ್ನೂ ಇಟ್ಟುಕೊಳ್ಳುತ್ತಾರೆ. ತೊಂದರೆಯ ಮೊದಲ ಸುಳಿವು ಸಾಮಾನ್ಯವಾಗಿ ಆ ತುದಿಯಲ್ಲೇ ಸಿಗುತ್ತದೆ.

ಎಲ್ಲಿಂದ ಶುರುಮಾಡಬೇಕು ಎನ್ನುವವರಿಗೆ ಗೂಗಲ್‌ನ ಎಂಜಿನಿಯರ್‌ಗಳು 2016ರ ತಮ್ಮ ಪುಸ್ತಕದಲ್ಲಿ ನಾಲ್ಕು ಮಾತು ಹೇಳಿದ್ದಾರೆ. ಉತ್ತರ ಕೊಡಲು ಎಷ್ಟು ಹೊತ್ತು ಹಿಡಿಯುತ್ತಿದೆ, ಎಷ್ಟು ಕೋರಿಕೆ ಬರುತ್ತಿವೆ, ಎಷ್ಟು ತಪ್ಪಾಗುತ್ತಿವೆ, ಸಾಮರ್ಥ್ಯ ಎಷ್ಟು ತುಂಬಿದೆ. ಈ ನಾಲ್ಕನ್ನು ಬಿಡದೆ ಅಳೆದರೆ ಬಹುಪಾಲು ಕೆಲಸ ಮುಗಿದಂತೆ.

---

ಒಂದು ಸೆಕೆಂಡ್ ಹೆಚ್ಚಾದಾಗ

ಭೂಮಿಯ ತಿರುಗುವಿಕೆಗೆ ಗಡಿಯಾರವನ್ನು ಹೊಂದಿಸಲು 2012ರ ಜೂನ್ 30ರ ಕೊನೆಗೆ ಒಂದು ಸೆಕೆಂಡ್ ಸೇರಿಸಲಾಯಿತು. ಆಗ ಭಾರತದಲ್ಲಿ ಜುಲೈ 1ರ ಬೆಳಗಿನ ಐದೂವರೆ. ಕರ್ನಲ್‌ನಲ್ಲಿದ್ದ ದೋಷದಿಂದ ಹಲವು ಲಿನಕ್ಸ್ ಸರ್ವರ್‌ಗಳ ಟೈಮರ್‌ಗಳು ತಪ್ಪಿದವು. ನಿದ್ದೆಗೆ ಹೋಗಬೇಕಾದ ಪ್ರೋಗ್ರಾಂಗಳು ಆ ಕ್ಷಣವೇ ಎದ್ದೇಳುತ್ತ ಸಿಪಿಯು ಪೂರ್ತಿ ನುಂಗಿದವು. ರೆಡಿಟ್ ನಿಂತಿತು. ಕ್ವಾಂಟಾಸ್ ವಿಮಾನಗಳು ತಡವಾದವು. ತನ್ನ ವಿದ್ಯುತ್ ಬಳಕೆ ಸುಮಾರು 1 ಮೆಗಾವಾಟ್ ಏರಿತೆಂದು ಜರ್ಮನಿಯ ಹೆಟ್ಸ್‌ನರ್ ಕಂಪನಿ ಗ್ರಾಹಕರಿಗೆ ತಿಳಿಸಿತು. ಪರಿಹಾರ? ಯಂತ್ರದ ಗಡಿಯಾರಕ್ಕೆ ಅದು ತೋರಿಸುತ್ತಿದ್ದ ಸಮಯವನ್ನೇ ಮತ್ತೊಮ್ಮೆ ಕೊಟ್ಟರೆ ಸಾಕಿತ್ತು!

---

ನೋಡುವುದೂ ಒಂದು ಕೆಲಸ

ಅಂಕಿಗಳನ್ನು ಸಂಗ್ರಹಿಸುವುದು ಇಂದು ಬಹಳ ಸಲೀಸು. ಸಿಸ್ಟ್ಯಾಟ್ ಎಂಬ ಉಚಿತ ಪೊಟ್ಟಣ ಹಾಕಿ ಚಾಲೂ ಮಾಡಿದರೆ, ಮಾಮೂಲಿನಂತೆ 10 ನಿಮಿಷಕ್ಕೊಮ್ಮೆ ಸಿಪಿಯು, ಮೆಮೊರಿ, ಡಿಸ್ಕ್, ನೆಟ್‌ವರ್ಕ್‌ಗಳ ಸ್ಥಿತಿಯನ್ನು ಬರೆದಿಡುತ್ತದೆ. ನಿನ್ನೆ ರಾತ್ರಿ ಎರಡಕ್ಕೆ ಏನಾಯಿತು ಎಂದು ಇಂದು ಬೆಳಿಗ್ಗೆ ಸಾರ್‌ನಿಂದ ಕೇಳಬಹುದು. ಹಲವು ಸರ್ವರ್‌ಗಳಿದ್ದರೆ, 2012ರಲ್ಲಿ ಸೌಂಡ್‌ಕ್ಲೌಡ್ ಕಂಪನಿಯಲ್ಲಿ ಶುರುವಾದ ಪ್ರೊಮೀಥಿಯಸ್ ಇದೆ. ಅದರ ಅಂಕಿಗಳನ್ನು ಗ್ರಾಫ್ ಮಾಡಿ ತೋರಿಸಲು ಗ್ರಾಫಾನಾ ಇದೆ. ಎಲ್ಲವೂ ಮುಕ್ತ ತಂತ್ರಾಂಶ.

ಕಷ್ಟ ಇರುವುದು ನೋಡುವುದರಲ್ಲಿ. ಬೆಂಗಳೂರಿನಲ್ಲಿ ಪಾಳಿಯ ಮೇಲೆ ಎಚ್ಚರವಿರುವ ಎಷ್ಟೋ ಎಂಜಿನಿಯರ್‌ಗಳ ಫೋನು ರಾತ್ರಿಯಿಡೀ ಬಡಿದುಕೊಳ್ಳುತ್ತದೆ. ಎಲ್ಲದಕ್ಕೂ ಅಲರ್ಟ್ ಇಟ್ಟರೆ ಯಾವುದೂ ಅಲರ್ಟ್ ಆಗಿ ಉಳಿಯುವುದಿಲ್ಲ. ನೂರು ಸುಳ್ಳು ಕೂಗಿಗೆ ಎದ್ದು ಬಸವಳಿದವರು ನೂರೊಂದನೆಯ ನಿಜವಾದ ಕೂಗಿಗೆ ಏಳದಿದ್ದರೆ ತಪ್ಪು ಅವರದಲ್ಲ. ಎಬ್ಬಿಸಲೇಬೇಕಾದ ಸಂಗತಿಗೆ ಮಾತ್ರ ಎಬ್ಬಿಸಬೇಕು. ಉಳಿದದ್ದನ್ನು ಹಗಲು ಹೊತ್ತಿನಲ್ಲಿ, ಹುಷಾರಾದ ಕಣ್ಣುಗಳಿಂದ ನೋಡಬೇಕು. ಎಕ್ಸ್‌ಝಡ್ ಹಿಂಬಾಗಿಲನ್ನು ಯಾವ ಅಲರ್ಟ್ ಕೂಡ ಹಿಡಿದು ಕೊಡಲಿಲ್ಲ ಎಂಬುದನ್ನು ಮರೆಯಬಾರದು. ಅರ್ಧ ಸೆಕೆಂಡಿನ ತಡಕ್ಕೆ ಯಾರೂ ಅಲರ್ಟ್ ಇಟ್ಟಿರುವುದಿಲ್ಲ.

ನಮ್ಮ ಸಂಸ್ಥೆಗಳಲ್ಲಿ ಸರ್ವರ್ ಕೊಳ್ಳಲು ದುಡ್ಡು ಸಿಗುತ್ತದೆ, ಅದನ್ನು ನೋಡಿಕೊಳ್ಳುವವರಿಗೆ ಸಮಯ ಸಿಗುವುದಿಲ್ಲ. ಏನೂ ಕೆಡದಿದ್ದರೆ ಇವರಿಗೇನು ಕೆಲಸ ಎಂಬ ಪ್ರಶ್ನೆ ಬರುತ್ತದೆ. ಏನೂ ಕೆಡದಿರುವುದೇ ಅವರ ಕೆಲಸದ ಫಲ. ವಾರಕ್ಕೊಂದು ಗಂಟೆ ಗ್ರಾಫ್‌ಗಳ ಮುಂದೆ ಕೂತು ಕಳೆದ ವಾರಕ್ಕೂ ಈ ವಾರಕ್ಕೂ ಏನು ಬದಲಾಯಿತು ಎಂದು ಕೇಳಿಕೊಳ್ಳುವ ಎಂಜಿನಿಯರ್‌ಗೆ ಆ ಗಂಟೆಯನ್ನು ಅಧಿಕೃತವಾಗಿ ಕೊಡಬೇಕು. ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬ್‌ನಲ್ಲಿ ಪ್ರೋಗ್ರಾಂ ಬರೆಯುವುದನ್ನು ಕಲಿಸಿದಷ್ಟೇ ಶ್ರದ್ಧೆಯಿಂದ, ಓಡುತ್ತಿರುವ ಪ್ರೋಗ್ರಾಂ ಅನ್ನು ಗಮನಿಸುವುದನ್ನೂ ಕಲಿಸಬೇಕು. ಟಾಪ್‌ನ ಮೂರು ಅಂಕಿಗಳ ಅರ್ಥ ಹೇಳಲಾರದ ವಿದ್ಯಾರ್ಥಿ ಸರ್ವರ್ ಹೊಣೆ ಹೊರಲು ಇನ್ನೂ ತಯಾರಾಗಿಲ್ಲ.

ಇನ್ನೊಂದು ಹೊಣೆ ನಮ್ಮೆಲ್ಲರದು. 2014ರಲ್ಲಿ ಹಾರ್ಟ್‌ಬ್ಲೀಡ್ ಎಂಬ ದೋಷ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದಲ್ಲಿ ಸಿಕ್ಕಾಗಲೂ, ಅಂತರ್ಜಾಲದ ಗುಟ್ಟುಗಳನ್ನೆಲ್ಲ ಕಾಯುವ ಆ ತಂತ್ರಾಂಶವನ್ನು ಬೆರಳೆಣಿಕೆಯ ಜನ ನೋಡಿಕೊಳ್ಳುತ್ತಿದ್ದಾರೆ ಎಂದು ಜಗತ್ತು ಅಚ್ಚರಿಪಟ್ಟಿತ್ತು. ಹತ್ತು ವರ್ಷದ ಬಳಿಕ ಅದೇ ಅಚ್ಚರಿ ಮರುಕಳಿಸಿತು. ದಣಿದಿದ್ದ ಲಾಸೆ ಕೊಲಿನ್ ಅವರ ಒಂಟಿತನವೇ ಸಂಚುಕೋರರಿಗೆ ಸಿಕ್ಕ ನಿಜವಾದ ಹಿಂಬಾಗಿಲು. ಸಂಚು ಬಯಲಾದ ಮೇಲೆ ಕೊಲಿನ್ ಓಡಿಹೋಗಲಿಲ್ಲ. ಕೋಡ್ ತೊಳೆದು, ಮೇ ಕೊನೆಗೆ ಶುದ್ಧವಾದ 5.6.2 ಆವೃತ್ತಿಯನ್ನು ಕೊಟ್ಟರು.

ಈ ಕಥೆಯಲ್ಲಿ ಕೊಲಿನ್ ಕಟ್ಟುವವರು, ಫ್ರಾಯ್ಂಡ್ ಗಮನಿಸುವವರು. ಇಂಥವರ ಮೇಲೆ ನಮ್ಮ ಬ್ಯಾಂಕು, ಆಸ್ಪತ್ರೆ, ರೈಲು ಟಿಕೆಟ್ಟು ಎಲ್ಲ ನಿಂತಿವೆ. ಮುಕ್ತ ತಂತ್ರಾಂಶದಿಂದ ಕೋಟಿಗಟ್ಟಲೆ ಗಳಿಸುವ ಕಂಪನಿಗಳು ಕಟ್ಟುವವರಿಗೆ ಸಂಬಳ ಕೊಡಲಿ, ಗಮನಿಸುವವರಿಗೆ ಸಮಯ ಕೊಡಲಿ. ಹೊಸ ಯಂತ್ರಕ್ಕೆ ಹಾಕುವ ದುಡ್ಡಿನ ಸಣ್ಣದೊಂದು ಪಾಲು ಇದಕ್ಕೆ ಸಾಕು. ಇದನ್ನು ಖರ್ಚು ಎಂದು ಬರೆಯುವ ಲೆಕ್ಕಪುಸ್ತಕ ತಪ್ಪು, ತಿದ್ದಬೇಕು.